ಕೊಡದ ಲೆಕ್ಕದಲ್ಲಿ ಕೃಷ್ಣೆ: ಮನೆಯಲ್ಲೇ ಮಕ್ಕಳಿಗೆ ಭೂಗೋಳ

ಲೆಕ್ಕಕ್ಕೆ ಟ್ಯೂಷನ್ ಇದೆ, ಇಂಗ್ಲಿಷಿಗೆ ಟ್ಯೂಷನ್ ಇದೆ, ಈಗೀಗ ವಿಜ್ಞಾನಕ್ಕೂ ಇದೆ. ಭೂಗೋಳಕ್ಕೆ ಟ್ಯೂಷನ್ ಹೇಳುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ ಸೋದರಿಯರೇ? ನಾನಂತೂ ಕಾಣೆ. “ಅದರಲ್ಲೇನಿದೆ, ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದರಾಯಿತು” ಅನ್ನುವುದು ಎಲ್ಲರ ಮನೆಯ ಮಾತು. ಹೀಗಾಗಿ ಯಾರಿಗೂ ಬೇಡವಾದ ಈ ಪಾಠ ತಾಯಂದಿರ ಪಾಲಿಗೇ ಉಳಿದಿದೆ. ಉಳಿದದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಏಕೆಂದರೆ ಇದನ್ನು ಕಲಿಸಲು ಬೇಕಾದ ಸಾಮಾನೆಲ್ಲ ನಮ್ಮ ಅಂಗಳದಲ್ಲೂ ಅಡುಗೆಮನೆಯಲ್ಲೂ ಬಿದ್ದಿದೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಆರನೆಯದೋ ಏಳನೆಯದೋ ಓದುವ ಮಗುವನ್ನು ಕರೆದು, “ಕೃಷ್ಣಾ ನದಿ ಎಲ್ಲಿ ಹುಟ್ಟುತ್ತದೆ?” ಅಂತ ಕೇಳಿ. “ಮಹಾಬಲೇಶ್ವರ” ಎಂದು ಥಟ್ಟನೆ ಹೇಳುತ್ತದೆ. “ಸರಿ, ಈಗ ನಮ್ಮ ಬಾಗಿಲಲ್ಲಿ ನಿಂತು ಕೃಷ್ಣೆ ಯಾವ ಕಡೆ ಇದ್ದಾಳೆ ತೋರಿಸು, ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಾಳೆ ಹೇಳು” ಅನ್ನಿ. ಕಕ್ಕೇರಾದಿಂದ ಹೊಳೆ ದೂರವೇನಿಲ್ಲ, ಊರಿನ ದಕ್ಷಿಣಕ್ಕೇ ಇದೆ. ಆದರೂ ಮಗು ತಡವರಿಸುತ್ತದೆ. ಉತ್ತರ ದಿಕ್ಕು ಯಾವುದು ಅಂದರೆ ಎಷ್ಟೋ ಮಕ್ಕಳು ಬೆರಳನ್ನು ಮಾಳಿಗೆಯ ಕಡೆ ಎತ್ತುತ್ತವೆ! ಗೋಡೆಯ ನಕಾಶೆಯಲ್ಲಿ ಉತ್ತರ ಮೇಲೆ ಇರುತ್ತದಲ್ಲ, ಅದಕ್ಕೆ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ್ದು ನಿಮಗೆ ನೆನಪಿರಬೇಕು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟು ದಿನ ಬೇಕೋ ಬೇಡವೋ ಪ್ರತಿ ಮನೆಯೂ ಶಾಲೆ, ಪ್ರತಿ ತಾಯಿಯೂ ಟೀಚರು. ದೊಡ್ಡ ಶಹರಗಳಲ್ಲಿ ಮಕ್ಕಳನ್ನು ಶಾಲೆಗೇ ಕಳಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳೂ ಇವೆ. ಅಂಥ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ಪರೀಕ್ಷೆಗೆ ಕೂರಬಹುದು. ನಮಗೆ ಅದೆಲ್ಲ ಬೇಡ, ನಮ್ಮ ಮಕ್ಕಳು ಶಾಲೆಗೇ ಹೋಗಲಿ. ಆದರೆ ಆ ಒಂದೂವರೆ ವರ್ಷದಲ್ಲಿ ನಮ್ಮ ಪಡಸಾಲೆಯಲ್ಲಿ ಶುರುವಾದ ಭೂಗೋಳದ ಪಾಠ ಮಾತ್ರ ನಿಲ್ಲಲಿಲ್ಲ. ಎಸ್ಸೆಸ್ಸೆಲ್ಸಿ ಓದಿದವಳು ನಾನು, ಅಷ್ಟು ಓದು ಇದಕ್ಕೆ ಧಾರಾಳವಾಗಿ ಸಾಕು.

ಮೊದಲು ದಿಕ್ಕು. ಅಂಗಳದಲ್ಲಿ ಒಂದು ಗೂಟವನ್ನು ನೆಟ್ಟಗೆ ನೆಡಿ. ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಕಾಲು ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಮಕ್ಕಳು ಒಂದೊಂದು ಹರಳು ಇಡಲಿ. ಯಾವ ನೆರಳು ಎಲ್ಲಕ್ಕಿಂತ ಗಿಡ್ಡವೋ ಅದೇ ಉತ್ತರ-ದಕ್ಷಿಣ ಗೆರೆ. ನೆರಳನ್ನು ನೋಡಬೇಕೇ ಹೊರತು ಸೂರ್ಯನನ್ನು ದಿಟ್ಟಿಸಿ ನೋಡಬಾರದು ಅಂತ ಮೊದಲೇ ತಾಕೀತು ಮಾಡಿ. ಆಗ ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಗಿಡ್ಡ ನೆರಳು ಹನ್ನೆರಡಕ್ಕೆ ಸರಿಯಾಗಿ ಯಾಕೆ ಬರಲಿಲ್ಲ? ನಮ್ಮ ದೇಶದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕಕ್ಕೆ ನಡೆಯುತ್ತವೆ. ಆ ಗೆರೆ ಹೋಗುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ. ನಾವಿರುವುದು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಡುಮಧ್ಯಾಹ್ನ ಇಪ್ಪತ್ತು-ಇಪ್ಪತ್ನಾಲ್ಕು ನಿಮಿಷ ತಡ. ತಿಂಗಳಿಂದ ತಿಂಗಳಿಗೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಅಷ್ಟೆ. ರೇಖಾಂಶ ಅನ್ನುವ ಒಣ ಮಾತು ಅವತ್ತು ಮಕ್ಕಳ ತಲೆಗೆ ಹತ್ತಿದ ಹಾಗೆ ಯಾವ ಪುಸ್ತಕದಿಂದಲೂ ಹತ್ತಿರಲಿಲ್ಲ.

ಇನ್ನೊಂದು ತಮಾಷೆ ಕೇಳಿ. ನಮ್ಮ ಸೀಮೆಯಲ್ಲಿ ಮೇ ತಿಂಗಳ ಮೊದಲ ವಾರದಲ್ಲಿ ಮತ್ತು ಆಗಸ್ಟಿನ ಮೊದಲ ವಾರದಲ್ಲಿ ಸೂರ್ಯ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿಗೆ ನೆಟ್ಟ ಗೂಟಕ್ಕೆ ನೆರಳೇ ಇಲ್ಲ! ಇವೆರಡರ ನಡುವಿನ ತಿಂಗಳುಗಳಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ವರ್ಷದ ಮಿಕ್ಕ ದಿನಗಳಲ್ಲಿ ಉತ್ತರಕ್ಕೆ. ಆಗಸ್ಟಿನಲ್ಲಿ ಮೋಡದ ಕಾಟ, ಮೇ ತಿಂಗಳೇ ಚೆನ್ನ. ಆ ಹೊತ್ತಿಗೆ ಮಕ್ಕಳಿಗೆ ಸೂಟಿಯೂ ಇರುತ್ತದೆ.

ದಿಕ್ಕು ಗೊತ್ತಾದ ಮೇಲೆ ನಕಾಶೆ. ನಕಾಶೆಯನ್ನು ಗೋಡೆಗೆ ತೂಗುಹಾಕಬೇಡಿ. ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ಗೂಟ ತೋರಿಸಿದ ಉತ್ತರಕ್ಕೆ ಹೊಂದಿಸಿ. ಇದೊಂದನ್ನು ಮಾಡಿದರೆ ಅರ್ಧ ಗೊಂದಲ ಹೋಯಿತು. ಇನ್ನು ನಕಾಶೆ ಬರೆಯುವ ವಿದ್ಯೆ ನಮ್ಮ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಬಂದದ್ದು. ರಂಗೋಲಿಯ ಚುಕ್ಕಿ ಮತ್ತೇನು ಹೇಳಿ? ಚುಕ್ಕಿಯಿಂದ ಚುಕ್ಕಿಗೆ ಹತ್ತು ಹೆಜ್ಜೆ ಅಂತ ಇಟ್ಟುಕೊಂಡು ಮನೆಯಿಂದ ಬಾವಿಕಟ್ಟೆ, ಗುಡಿ, ಹಿಟ್ಟಿನ ಗಿರಣಿ, ಶಾಲೆ ಎಲ್ಲವನ್ನೂ ಮಕ್ಕಳು ಹೆಜ್ಜೆಯಿಂದ ಅಳೆದು ಬಂದು ಅಂಗಳದಲ್ಲಿ ಪುಡಿಯಿಂದ ಬರೆಯಲಿ. ಅಡ್ಡಸಾಲಿನ ಚುಕ್ಕಿ ಅಕ್ಷಾಂಶ, ಉದ್ದಸಾಲಿನದು ರೇಖಾಂಶ. ಭಾರತದ ನಕಾಶೆಯನ್ನೂ ಹೀಗೆಯೇ ಚೌಕ ಹಾಕಿ ದೊಡ್ಡದು ಮಾಡಿ ಬರೆಯಬಹುದು. ಗಂಡುಮಕ್ಕಳು “ರಂಗೋಲಿ ನಾವು ಹಾಕೂದಿಲ್ಲ” ಅಂತ ಬಿಗುಮಾನ ಮಾಡಿದರೆ “ಇದು ನಕಾಶೆ” ಅನ್ನಿ, ಕೂಡುತ್ತಾರೆ.

ಈಗ ನಿಜವಾದ ಪಾಠಕ್ಕೆ ಬರೋಣ, ಅಂದರೆ ಹೊಳೆಗೆ.

ಮಳೆಗಾಲದಲ್ಲಿ ಪತ್ರಿಕೆ ತೆಗೆದರೆ “ನಾರಾಯಣಪುರದಿಂದ ಒಂದು ಲಕ್ಷ ಕ್ಯೂಸೆಕ್ ನೀರು ಬಿಡುಗಡೆ” ಅಂತ ಇರುತ್ತದೆ. ಗಂಡಸರು ಗಟ್ಟಿಯಾಗಿ ಓದಿ ಪುಟ ಮಗುಚುತ್ತಾರೆ. ಕ್ಯೂಸೆಕ್ ಅಂದರೆ ಎಷ್ಟು ಅಂತ ಕೇಳಿದರೆ “ಭಾಳ ನೀರು” ಅನ್ನುವ ಉತ್ತರವೇ ಹೆಚ್ಚು. ನಾವು ಹೆಂಗಸರು ಕೊಡದ ಲೆಕ್ಕದಲ್ಲಿ ಹೇಳೋಣ. ಒಂದು ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ 28 ಲೀಟರಿಗೆ ತುಸು ಹೆಚ್ಚು. ನಾವು ಹೊರುವ ಕೊಡ ಹದಿನಾಲ್ಕು-ಹದಿನೈದು ಲೀಟರಿನದು. ಹಾಗಾದರೆ ಒಂದು ಕ್ಯೂಸೆಕ್ ಅಂದರೆ “ಒಂದು” ಅನ್ನುವಷ್ಟರಲ್ಲಿ ಎರಡು ಕೊಡ. ಒಂದು ಲಕ್ಷ ಕ್ಯೂಸೆಕ್ ಅಂದರೆ “ಒಂದು” ಅನ್ನುವಷ್ಟರಲ್ಲಿ ಎರಡು ಲಕ್ಷ ಕೊಡ! ದಿನಕ್ಕೆ ಇಪ್ಪತ್ತು ಕೊಡ ಬಳಸುವ ಹತ್ತು ಸಾವಿರ ಮನೆಗಳ ಒಂದು ದಿನದ ನೀರು ಒಂದೇ ಸೆಕೆಂಡಿನಲ್ಲಿ ಹೋಯಿತು. ಈ ಲೆಕ್ಕವನ್ನು ಮಕ್ಕಳ ಕೈಲೇ ಮಾಡಿಸಿ. ಆಮೇಲೆ ಅವರು ಹೊಳೆಯ ದಂಡೆಯಲ್ಲಿ ಆಟಕ್ಕೆ ಇಳಿಯುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಟಿಎಂಸಿಯೂ ಹೀಗೆಯೇ, ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಎಂಟೂವರೆ ಟಿಎಂಸಿಗೆ ಸ್ವಲ್ಪ ಹೆಚ್ಚು. ನಾರಾಯಣಪುರದ ಬಸವಸಾಗರ ಹಿಡಿಯುವುದು 33 ಟಿಎಂಸಿ ಚಿಲ್ಲರೆ. ಬರಿದಾದ ಜಲಾಶಯವೂ ನಾಲ್ಕು ದಿನದಲ್ಲಿ ತುಂಬಿಹೋಯಿತು ಅಂತ ಆಯಿತಲ್ಲ! ಆಮೇಲೆ ಬಂದ ನೀರನ್ನು ಗೇಟು ತೆರೆದು ಬಿಡದೆ ವಿಧಿಯಿಲ್ಲ.

“ಯವ್ವಾ, ನಮ್ಮಲ್ಲಿ ಮಳಿನೇ ಇಲ್ಲ, ಹೊಳಿ ಹ್ಯಾಂಗ ಬಂತು?” ಇದು 2019ರ ಆಗಸ್ಟಿನಲ್ಲಿ ನಮ್ಮ ಕಿರಿಯವನು ಕೇಳಿದ ಪ್ರಶ್ನೆ. ಕೃಷ್ಣೆ ಎರಡೂ ದಂಡೆ ಮೀರಿ ಬಂದಿದ್ದಳು, ನಮ್ಮ ಆಕಾಶದಲ್ಲಿ ಅಂಥ ಮೋಡ ಇರಲಿಲ್ಲ. ನಮ್ಮ ಅತ್ತೆಯವರು ಕೂತಲ್ಲಿಂದಲೇ, “ಮ್ಯಾಲಿನ ಸೀಮ್ಯಾಗ ಮಳಿ ಆದ್ರ ನಮ್ಮ ಹೊಳಿ ಕೆಂಪಾಗ್ತದ” ಅಂದರು. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಗಳು, ಇಡೀ ಜಲಾನಯನ ಪ್ರದೇಶವನ್ನು ಒಂದು ಮಾತಿನಲ್ಲಿ ಹೇಳಿಬಿಟ್ಟರು.

ಆ “ಮ್ಯಾಲಿನ ಸೀಮಿ” ಯಾವುದು ಅಂತ ತೋರಿಸಲು ತೊಯ್ದ ಸೀರೆಯನ್ನು ಹಿಂಡಿ ತೋರಿಸಿದೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳನ್ನು ಸಹ್ಯಾದ್ರಿ ಬೆಟ್ಟ ಹೀಗೆ ಹಿಂಡಿಬಿಡುತ್ತದೆ. ಬೆಟ್ಟ ದಾಟಿ ನಮ್ಮ ಕಡೆ ಬರುವುದು ಹಿಂಡಿ ಉಳಿದ ಹಸಿ. ಮಹಾಬಲೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ನಮ್ಮಲ್ಲಿ ಏಳೆಂಟು ನೂರು. ಒಂದು ವರ್ಷದ ಮಳೆ ಅಂಗಳದಲ್ಲಿ ಹಾಗೇ ನಿಂತಿತು ಅಂತ ಇಟ್ಟುಕೊಳ್ಳಿ, ನಮ್ಮಲ್ಲಿ ತೊಡೆಮಟ್ಟ, ಅಲ್ಲಿ ಮಾಳಿಗೆಯೇ ಮುಳುಗುತ್ತದೆ. ಮಕ್ಕಳಿಗೆ ಮಿಲಿಮೀಟರು ಮರೆತುಹೋದೀತು, ಮಾಳಿಗೆ ಮರೆಯುವುದಿಲ್ಲ. ಆದರೆ 2009ರ ಅಕ್ಟೋಬರಿನ ನೆರೆ ಬೇರೆ ಬಗೆಯದು, ಆಗ ಸುರಿದದ್ದು ನಮ್ಮ ಉತ್ತರ ಕರ್ನಾಟಕದ ನೆತ್ತಿಯ ಮೇಲೇ. ಎರಡು ನೆರೆಗಳನ್ನು ಜೊತೆಗಿಟ್ಟು ಹೇಳಿದರೆ ವಿಷಯ ಚೆನ್ನಾಗಿ ತಿಳಿಯುತ್ತದೆ.

ಹುಟ್ಟುವ ಜಾಗದಿಂದ ಅರಬ್ಬೀ ಸಮುದ್ರ ಬರೀ 64 ಕಿಲೋಮೀಟರ್. ಆದರೂ ಕೃಷ್ಣೆ ಅತ್ತ ಹೋಗದೆ ಪೂರ್ವಕ್ಕೆ ತಿರುಗಿ 1,400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಯಾಕೆ? ರೊಟ್ಟಿ ಹಿಟ್ಟು ನಾದುವ ಪರಾತವನ್ನು ಪಶ್ಚಿಮಕ್ಕೆ ತುಸು ಎತ್ತಿ ಹಿಡಿದು ನೀರು ಹಾಕಿ, ಅಷ್ಟೇ ಉತ್ತರ. ಇಳಿಜಾರನ್ನು ಲೆಕ್ಕದಲ್ಲೂ ತೋರಿಸಬಹುದು. ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್, ಅದರ ಕೆಳಗಿನ ನಾರಾಯಣಪುರದಲ್ಲಿ 492.25. ಪತ್ರಿಕೆಯಲ್ಲಿ ಬರುವ ಈ ಸಂಖ್ಯೆಗಳನ್ನು ಮಕ್ಕಳು ಮಳೆಗಾಲವಿಡೀ ದಿನವೂ ಒಂದು ಕ್ಯಾಲೆಂಡರಿನಲ್ಲಿ ಬರೆದಿಡಲಿ.

ನದಿಯ ದಾರಿ ಬಾಯಿಪಾಠ ಆಗಬೇಕಾದರೆ ಮನೆಯ ಹಿರಿಯರನ್ನು ಕೂರಿಸಿಕೊಳ್ಳಿ. ಅವರು ಯಾತ್ರೆ ಮಾಡಿದ ಊರುಗಳೇ ನದಿಯ ಊರುಗಳು. ಕೃಷ್ಣೆಗೆ ಕೊಯ್ನಾ ಕೂಡುವ ಕರಾಡ, ಪಂಚಗಂಗೆ ಕೂಡುವ ನರಸೋಬವಾಡಿ, ಮಲಪ್ರಭೆ ಕೂಡುವ ಕೂಡಲಸಂಗಮ, ಆಮೇಲೆ ನಮ್ಮ ಛಾಯಾ ಭಗವತಿ, ಮೌನೇಶ್ವರರ ತಿಂಥಣಿ, ರಾಯಚೂರಿನ ಕಡೆಯ ಕುರುವಪುರ, ಮುಂದೆ ಶ್ರೀಶೈಲ, ಕನಕದುರ್ಗೆಯ ವಿಜಯವಾಡ, ಕೊನೆಗೆ ಹಂಸಲದೀವಿಯಲ್ಲಿ ಸಮುದ್ರ. ಶ್ರೀಶೈಲಕ್ಕೆ ಯುಗಾದಿಯ ಮುಂದೆ ಪಾದಯಾತ್ರೆ ಹೋಗಿ ಬಂದವರು ನಿಮ್ಮ ಓಣಿಯಲ್ಲೂ ಇರುತ್ತಾರೆ. ಎಷ್ಟು ದಿನ ನಡೆದರು, ಎಲ್ಲಿ ಗುಡ್ಡ ಶುರುವಾಯಿತು, ಎಲ್ಲಿ ಮಾತು ತೆಲುಗಾಯಿತು ಅಂತ ಮಕ್ಕಳು ಕೇಳಿ ಬರೆದುಕೊಳ್ಳಲಿ.

ಇದೆಲ್ಲ ಬರೀ ಅಂಕಕ್ಕೆ ಅಂತ ತಿಳಿಯಬೇಡಿ. ಪುಸ್ತಕದಲ್ಲಿ “ನಡುಗಡ್ಡೆ ಎಂದರೆ ಸುತ್ತಲೂ ನೀರಿರುವ ಭೂಭಾಗ” ಅಂತ ಒಂದು ಸಾಲು ಇರುತ್ತದೆ. ನಮ್ಮ ಭಾಷೆಯಲ್ಲಿ ಅದು ಗಡ್ಡಿ. ಕಕ್ಕೇರಾದ ಹತ್ತಿರವೇ ಕೃಷ್ಣೆಯ ನಡುವೆ ನೀಲಕಂಠರಾಯನ ಗಡ್ಡಿ ಇದೆ. 2013ರ ಮಳೆಗಾಲ. ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ತುಂಬಿದೆ, ಹರಗೋಲು ಹಾಕುವ ಹಾಗಿಲ್ಲ. ಗಡ್ಡಿಯಲ್ಲಿ ಒಬ್ಬ ತುಂಬು ಬಸುರಿ, ದಿನ ತುಂಬಿದೆ, ಆಸ್ಪತ್ರೆ ಇರುವುದು ಈಚೆ ದಂಡೆಗೆ ಕಕ್ಕೇರಾದಲ್ಲಿ. ಆ ಹೆಣ್ಣುಮಗಳು ಒಣಗಿದ ಸೋರೆ-ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆಯೂ ಅಣ್ಣತಮ್ಮಂದಿರೂ ಜೊತೆಗೆ ಬರಲು, ಆ ಸೆಳವಿನಲ್ಲಿ ಈಜಿ ದಂಡೆ ಸೇರಿದಳು. ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿ ಬಂತು, ಎಲ್ಲರೂ ಧೈರ್ಯವನ್ನು ಹೊಗಳಿದರು. ಹೊಗಳಬೇಕಾದದ್ದೇ. ಆದರೆ ಬಸುರಿ ಹೆಂಗಸು ಅಂಥ ಧೈರ್ಯ ಮಾಡಬೇಕಾಗಿ ಬಂದದ್ದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಮಕ್ಕಳಿಗೆ ನಾನು ಈ ಕಥೆಯನ್ನು ನಕಾಶೆಯ ಮೇಲೆ ಬೆರಳಿಟ್ಟು ಹೇಳಿದೆ. ಮಹಾಬಲೇಶ್ವರದ ಮೇಲೆ ಮೋಡ, ಕರಾಡದಲ್ಲಿ ಕೂಡಿದ ನೀರು, ಆಲಮಟ್ಟಿ, ನಾರಾಯಣಪುರ, ತೆರೆದ ಗೇಟು, ಗಡ್ಡಿ, ಬಸುರಿ. ನೂರಾರು ಕಿಲೋಮೀಟರ್ ದೂರದ ಮಳೆ ಒಂದು ಮನೆಯ ಹೆರಿಗೆಯವರೆಗೂ ಬಂತು. ದೊಡ್ಡವಳು, “ಅವ್ವ, ಮ್ಯಾಲ ಮಳಿ ಆಗೇದಂತ ಗೊತ್ತಾದ ದಿನನಾ ಈಚಿ ದಂಡಿಗೆ ಬಂದಿದ್ರ ಆಗ್ತಿತ್ತಲ್ಲ?” ಅಂದಳು. ಹೌದು, ಹೊಳೆ ದಂಡೆಯ ಊರುಗಳಲ್ಲಿ ಇರುವ ಸೋದರಿಯರೇ, ಮನೆಯಲ್ಲಿ ಬಸುರಿ ಬಾಣಂತಿ, ಹಾಸಿಗೆ ಹಿಡಿದ ಹಿರಿಯರು ಇದ್ದರೆ ಮಹಾರಾಷ್ಟ್ರದ ಮಳೆ ಸುದ್ದಿಯನ್ನೂ ಆಲಮಟ್ಟಿಯ ಒಳಹರಿವನ್ನೂ ದಿನಾ ನೋಡುವ ಕೆಲಸವನ್ನು ಮಕ್ಕಳಿಗೇ ವಹಿಸಿ. ಗೇಟು ತೆರೆದ ಮೇಲೆ ಯೋಚಿಸಿದರೆ ತಡವಾಗುತ್ತದೆ.

ಅದೇ ನೀರು ನಮ್ಮ ತಟ್ಟೆಯನ್ನೂ ಬದಲಾಯಿಸಿದೆ ನೋಡಿ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು, 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಅತ್ತೆಯವರು ಈ ಮನೆಗೆ ಬಂದಾಗ ಅನ್ನ ಹಬ್ಬಕ್ಕೋ ಬೀಗರು ಬಂದಾಗಲೋ, ಮಿಕ್ಕಂತೆ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ. ಕಾಲುವೆ ಬಂದ ಮೇಲೆ ಭತ್ತ ಬಂತು, ದಿನವೂ ಅನ್ನ ಬಂತು. ನೀರು ಹೆಚ್ಚಾಗಿ ನಿಂತ ಕಡೆ ಹೊಲ ಸವಳೂ ಆಯಿತು, ಅದನ್ನೂ ಮಕ್ಕಳಿಗೆ ಹೇಳಬೇಕು. ಅಕ್ಕಿ ಯಾವ ಕಾಲುವೆಯದು, ತೊಗರಿ ಬೇಳೆ ಯಾಕೆ ಕಲಬುರಗಿಯದು, ಕಾಳುಮೆಣಸು ಯಾಕೆ ಮಲೆನಾಡಿನದು ಅಂತ ಡಬ್ಬಿಗಳ ಮುಂದೆ ಕೂತರೆ ಒಂದು ಮಧ್ಯಾಹ್ನ ಕಳೆಯುತ್ತದೆ. ಒಣಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ತುಗೀಸರ ಹಡಗಿನಲ್ಲಿ ಬಂದದ್ದು ಅಂದರೆ ಮಕ್ಕಳು ನಂಬುವುದೇ ಇಲ್ಲ! ಹೆಸರೇ ನೋಡಿ, ನಮ್ಮಲ್ಲಿ ಮೊದಲೇ ಇದ್ದ ಮೆಣಸಿನ ಹೆಸರನ್ನು ಹೊಸ ಕಾಯಿಗೆ ಕೊಟ್ಟೆವು.

ಕೂರುವ ನೆಲವೂ ಪಾಠವೇ. ಶಹಾಬಾದಿನ ಫರಸಿ ಕಲ್ಲು ಸುಣ್ಣದ ಕಲ್ಲಿನ ಜಾತಿ. ಕೋಟಿ ಕೋಟಿ ವರ್ಷಗಳ ಹಿಂದೆ ಇಲ್ಲಿ ಇದ್ದ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಕೆಸರು ಅದು. ಅದಕ್ಕೇ ಹಲಗೆಯಂತೆ ಸೀಳುತ್ತದೆ. ಸುರಪುರದ ಗುಡ್ಡದ ಬಂಡೆ ಹಾಗೆ ಸೀಳುವುದಿಲ್ಲ, ಅದು ಬೆಂಕಿಯಲ್ಲಿ ಕರಗಿ ಗಟ್ಟಿಯಾದ ಗ್ರಾನೈಟ್. ದಿನಾ ಸಾರಿಸಿ ಒರೆಸುವ ನಮಗೆ ಆ ಸಮುದ್ರದ ನೆನಪು ಎಲ್ಲಿಂದ ಬರಬೇಕು!

ಚಳಿಗಾಲದಲ್ಲಿ ಅನುಕೂಲವಾದರೆ ಮಕ್ಕಳನ್ನು ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಕರೆದೊಯ್ಯಿರಿ. ನಾಯಕ ಅರಸರ ಕಾಲದ ಕೆರೆ, ಈಗ ಪಕ್ಷಿಧಾಮ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು ಬಂದಿದ್ದರೆ ನಿಮ್ಮ ಪುಣ್ಯ. ಅವು ಮರಿ ಮಾಡುವುದು ಟಿಬೆಟ್, ಮಂಗೋಲಿಯಾದ ಸರೋವರಗಳಲ್ಲಿ. ಹಿಮಾಲಯವನ್ನು ದಾಟಿ ಬರುತ್ತವೆ, ಬೇಸಿಗೆ ಮುಟ್ಟುವ ಮುಂಚೆ ಹಿಂತಿರುಗುತ್ತವೆ. ಬುತ್ತಿ ಕಟ್ಟಿಕೊಂಡು ಹೋಗಿ, ಸದ್ದು ಮಾಡದೆ ದೂರದಿಂದ ನೋಡಿ.

ನಕಾಶೆ ಕೊಳ್ಳುವ ಮಾತು ಒಂದಿದೆ. ಮನೆಯಲ್ಲಿ ಹಳೆಯ ನಕಾಶೆ ಇದ್ದರೆ ಎಸೆಯಬೇಡಿ, ಹೊಸದರ ಪಕ್ಕ ಇಡಿ. ಹಳೆಯದರಲ್ಲಿ ನಮ್ಮ ಯಾದಗಿರಿ ಜಿಲ್ಲೆಯೇ ಇಲ್ಲ, ಗುಲ್ಬರ್ಗಾದೊಳಗೆ ಸೇರಿದೆ. ಬೇರೆಯಾದದ್ದು 2009ರ ಡಿಸೆಂಬರಿನಲ್ಲಿ. ತೆಲಂಗಾಣ 2014ರದ್ದು, ಲಡಾಖ್ 2019ರದ್ದು, ವಿಜಯನಗರ ಜಿಲ್ಲೆ 2021ರದ್ದು. ವ್ಯತ್ಯಾಸ ಹುಡುಕುವ ಆಟ ಮಕ್ಕಳಿಗೆ ಬಹಳ ಇಷ್ಟ.

ನಮ್ಮ ಕಡೆಯ ಎಷ್ಟೋ ಮನೆಗಳು ಸುಗ್ಗಿ ಮುಗಿದ ಮೇಲೆ ಬೀಗ ಹಾಕಿಕೊಂಡು ಗುಳೆ ಹೋಗುತ್ತವೆ, ಬೆಂಗಳೂರು, ಪುಣೆ, ಮುಂಬಯಿ ಅಂತ. ಮಕ್ಕಳೂ ಜೊತೆಗೇ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ, ಆದರೆ ನಿಜವಾದ ಭೂಗೋಳ ಕಾಣುವವರು ಅವರೇ. ನಮ್ಮ ಹಿಂದಿನ ಮನೆಯ ಹುಡುಗಿ ಐದನೆಯ ತರಗತಿ ಅರ್ಧಕ್ಕೆ ಬಿಟ್ಟು ತಂದೆತಾಯಿಯೊಂದಿಗೆ ಪುಣೆಗೆ ಹೊರಟಾಗ ಅವಳ ಕೈಗೆ ಒಂದು ನೋಟುಬುಕ್ಕು, ಒಂದು ಪೆನ್ಸಿಲು, ಮಡಿಚಿದ ಒಂದು ನಕಾಶೆ ಕೊಟ್ಟೆ. ಯಾದಗಿರಿಯಲ್ಲಿ ರೈಲು ಹತ್ತಿದ ಮೇಲೆ ಕಂಡ ಸ್ಟೇಷನ್ನಿನ ಹೆಸರು, ದಾಟಿದ ಹೊಳೆ, ಹೊಲದಲ್ಲಿದ್ದ ಬೆಳೆ, ಜನ ಆಡುವ ಮಾತು, ಇಷ್ಟನ್ನು ಬರೆ ಅಂದೆ. ವಾಡಿ, ಕಲಬುರಗಿ, ಸೊಲ್ಲಾಪುರ ಎಲ್ಲ ಬರೆದಿದ್ದಾಳೆ. ಸೊಲ್ಲಾಪುರದಾಚೆ ಕಬ್ಬು ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಬಾಲಕಿಗೆ ಊರಿನ ನೆನಪು ಬಹಳ. ಕಟ್ಟಡದ ಕೆಲಸ ನಡೆಯುವ ಜಾಗದಿಂದ ಅವಳ ತಾಯಿ ಫೋನ್ ಮಾಡಿದಾಗ ಅವಳೂ ಮಾತಾಡುತ್ತಾಳೆ. “ಇಲ್ಲೊಂದು ಹೊಳಿ ಅದರೀ ಅತ್ತಿ, ಮುಠಾ ಅಂತಾರ” ಅಂದಳು ಒಂದು ದಿನ. ನಕಾಶೆ ಬಿಚ್ಚು ಅಂದೆ. ಮುಠಾ ನದಿ ಮುಳಾ ನದಿಯನ್ನು ಕೂಡಿ ಭೀಮೆಗೆ ಸೇರುತ್ತದೆ, ಭೀಮೆ ಯಾದಗಿರಿಯ ಮಗ್ಗುಲಲ್ಲೇ ಬಂದು ರಾಯಚೂರಿನ ಹತ್ತಿರ ನಮ್ಮ ಕೃಷ್ಣೆಗೆ ಕೂಡುತ್ತದೆ. ಬೆರಳಿಟ್ಟು ನೋಡಿಕೊಂಡಳೋ ಏನೋ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಂಗಾದ್ರ ಈ ನೀರು ನಮ್ಮ ಕಡಿಗೇ ಹೊಂಟದೇನ್ರೀ? ಎಷ್ಟು ದಿನಕ್ಕ ಮುಟ್ತದ?” ಅಂದಳು. ನಡುವೆ ಸೊಲ್ಲಾಪುರದ ಕಡೆ ಉಜನಿ ಅಣೆಕಟ್ಟು ಇದೆ, ಅದರ ಗೇಟು ತೆರೆದರೆ ಬರುತ್ತದೆ ಅಂತ ಹೇಳಿದೆ. ಈಗ ವಾರಕ್ಕೊಮ್ಮೆ ಫೋನಿನಲ್ಲಿ ಅವಳ ಮೊದಲ ಪ್ರಶ್ನೆ, ಉಜನಿಯ ಗೇಟು ತೆರೆದರೇನು ಅಂತ.